ಎಷ್ಟು ದೂರ

ಪಾಠದಲ್ಲಿ ಅದಕ್ಕೆ ಮೂತ್ರ ಎಂದು ಹೆಸರು.
ವಿರಾಜಪೇಟೆಯ ನನ್ನ ಕೋಣೆಯಲ್ಲಿ, ಮಂಗಳವಾರ,
ಹಸಿರು ಪರದೆಯ ಈಚೆ, ಅದು ಉಚ್ಚೆ.
ಆ ಶಬ್ದ ನಾಚದೆ ಬಾಯಿಗೆ ಬರಲು
ನನಗೆ ಎರಡು ವರ್ಷ ಹಿಡಿಯಿತು.

ಸುಬೇದಾರ್ ಮಂದಣ್ಣ ಪ್ರಶ್ನೆ ಕೇಳಿಸಿಕೊಂಡು
ಮೀಸೆ ನೀವಿ, ಕಿಟಕಿಗೆ ಉತ್ತರ ಹೇಳಿದರು:
"ಒಂದು ಕಾಲಕ್ಕೆ ಬೇಲಿ ದಾಟುತ್ತಿತ್ತು ಡಾಕ್ಟ್ರೇ,
ಈಗ ಬೂಟಿಗೇ."
ಎಪ್ಪತ್ತೆಂಟಕ್ಕೆ ನಗಬಹುದು.

ಹದಿನಾಲ್ಕು ತಿಂಗಳಿಗೆ ಆಗದು.

ಸಿದ್ದಾಪುರದಾಚೆಯ ಲೈನ್‌ಮನೆಯಿಂದ ಚೋಮಿ ಬಂದಳು
ಮಗುವನ್ನು ಹಳೆ ಸೀರೆಯ ತುಂಡಲ್ಲಿ ಮೈಗೆ ಕಟ್ಟಿ.
ಹಣ್ಣು ಕೊಯ್ಲಿನ ಕಾಲ; ಉಗುರ ಸಂದಿಯಲ್ಲಿ
ತೊಳೆದರೂ ಹೋಗದ ಕಾಫಿಯ ಕಪ್ಪು.
ಜ್ವರ. ಗುಲಾಬಿ ಔಷಧ. ಮತ್ತೆ ಜ್ವರ.
ಚೀಟಿಗಳೆಲ್ಲ ಸಕ್ಕರೆಯ ಪ್ಲಾಸ್ಟಿಕ್ ಕವರಿನಲ್ಲಿ.

"ಎಷ್ಟು ದೂರ?" ಎಂದೆ, ಮಗುವಿನ ಕಡೆ ಕೈ ಮಾಡಿ.
"ಎರಡು ಬಸ್ಸು," ಎಂದಳು. "ಆಮೇಲೆ ನಡಿಗೆ."

ತಪ್ಪು ನನ್ನದೇ. ಪೂರಾ ಕೇಳಿದೆ, ಆ ಶಬ್ದ ಸೇರಿಸಿ.
ಅವಳು ನೆಲ ನೋಡಿದಳು.
ಆಮೇಲೆ ಮೇಜಿನ ಮೇಲೆ ಒಂದು ಬೆರಳಿಂದ
ಟಪ್.
ಟಪ್.
ತುಂಬಾ ಹೊತ್ತು ಬಿಟ್ಟು, ಇನ್ನೊಂದು.

ನಾಳದೊಳಗೆ ಒಂದು ಪೊರೆ,
ಈರುಳ್ಳಿಯ ಒಳಪದರಕ್ಕಿಂತ ತೆಳು.
ಹುಟ್ಟುವ ಮೊದಲೇ ಯಾರೋ ಹಾಕಿ ಮರೆತ ತೂಬು.
ನಿಂತ ನೀರು ಹಿಂದಕ್ಕೆ ಹತ್ತಿ, ಹತ್ತಿ
ಎಡದ ಮೂತ್ರಪಿಂಡ ಬರೀ ನೀರ ಚೀಲ;
ಬಲದ್ದು ಇನ್ನೂ ಜಗಳವಾಡುತ್ತಿತ್ತು.

ಪೆನ್ನಿನ ರೀಫಿಲ್ಲಿನಷ್ಟು ಸಣ್ಣ ದುರ್ಬೀನು.
ತುದಿಯಲ್ಲಿ ಕಿಡಿ.
ಗಡಿಯಾರದ ಐದಕ್ಕೊಂದು ಸಲ, ಏಳಕ್ಕೊಂದು ಸಲ.
ಜನರೇಟರು ನಡುವೆ ಕೆಮ್ಮಿತು. ಕೈ ಎತ್ತದೆ ಕಾದೆ.
ಎಲ್ಲ ಸೇರಿ ಹನ್ನೊಂದು ನಿಮಿಷ.

ರಾತ್ರಿ ಆ ಚೀಟಿಗಳನ್ನು ದಿನಾಂಕದಂತೆ ಜೋಡಿಸಿದೆ.
ತೂಕ ಇತ್ತು, ಕೆಮ್ಮು, ಭೇದಿ, ತಂದೆಯ ಹೆಸರು.
ಎಂಟು ತಿಂಗಳು, ನಾಲ್ಕು ಕೈಬರಹ;
ಆ ಪ್ರಶ್ನೆ ಒಂದರಲ್ಲೂ ಇರಲಿಲ್ಲ.
ಮೂರನೆಯ ಚೀಟಿಗೆ ನಮ್ಮದೇ ಆಸ್ಪತ್ರೆಯ ಮೊಹರು.

ಮೂರನೇ ದಿನ ಕೊಳವೆ ತೆಗೆದೆವು.
ಮುತ್ತ ಮಂಚದ ಸರಳು ಹಿಡಿದು ನಿಂತ,
ಯಾರನ್ನೂ ನೋಡದೆ, ದೊಡ್ಡ ಯೋಚನೆಯಲ್ಲಿ.
ಸಿಸ್ಟರ್ ಲಿಲ್ಲಿಕುಟ್ಟಿ ಕೇಸ್‌ಶೀಟು ಹಿಡಿದು ಬಾಗಿದ್ದರು.
"ಧಾರೆ ಚೆನ್ನಾಗಿದೆ" ಎಂದು ಬರೆಯಬೇಕಿದ್ದ ಹಾಳೆ
ಬರೆಯುವ ಮೊದಲೇ ನೆನೆಯಿತು.
ಪಕ್ಕದ ವಾರ್ಡಿನಿಂದ ಸುಬೇದಾರರು,
ಚೀಲ ಕೈಯಲ್ಲಿ ಹಿಡಿದು ಬಂದವರು,
ಬಾಗಿಲಲ್ಲೇ ಸೆಲ್ಯೂಟ್ ಹೊಡೆದರು.

ಒಂದು ಉಳಿಯಿತು. ಒಂದು ಉಳಿಯಲಿಲ್ಲ.
ಈ ಲೆಕ್ಕವನ್ನು ಚೋಮಿಗೆ ಎರಡು ಸಲ ಹೇಳಿದೆ.
ಮೊದಲ ಸಲಕ್ಕೇ ಅವಳಿಗೆ ತಿಳಿದಿತ್ತು.

ಮೊನ್ನೆ ತಪಾಸಣೆಗೆ ಬಂದಿದ್ದಳು.
ಕೋಣೆಯೊಳಗಿಂದಲೇ ಕೇಳಿಸಿತು, ಜಗಲಿಯ ಬೆಂಚಿನಲ್ಲಿ
ಯಾರದೋ ಕೂಸನ್ನು ಇಸಿದುಕೊಂಡು,
ಅಳುಕಿಲ್ಲದ ದನಿಯಲ್ಲಿ,
ಆ ಶಬ್ದವನ್ನೇ ಮೊದಲು ಹೇಳಿ,
"ಎಷ್ಟು ದೂರ ಹೋಗ್ತದೆ? ಕೈಯಲ್ಲಿ ತೋರ್ಸು."

ನಾನು ಬೆಲ್ಲು ಒತ್ತಲಿಲ್ಲ.
ಆ ಹೆಂಗಸಿನ ಕೈ ಎಷ್ಟು ಅಗಲ ಬಿಚ್ಚಿಕೊಳ್ಳುವುದೋ ಎಂದು
ಪರದೆ ಸರಿಸಿ ನೋಡಿದೆ.