ಇಪ್ಪತ್ತಮೂರನೇದು

ಒಂದು ರೆಫರೆನ್ಸಿಗೆ ಎರಡು ರೂಪಾಯಿ,
ಡಿಓಐ ನಾನಽ ಹುಡುಕಬೇಕಂದ್ರ ಮೂರು.
ವಿದ್ಯಾನಗರದ ಕಾಲೇಜು ಗೇಟಿನ ಎದುರಿಗೆ
ಝೆರಾಕ್ಸ್ ಮಷೀನಿನ ಬಿಸಿಗೆ ಬೆನ್ನು ಕೊಟ್ಟು
ಹನ್ನೊಂದು ವರ್ಷದಿಂದ ಅಲ್ಪವಿರಾಮ ಹಾಕತೀನಿ.

ಒಳಗಿನ ಮಾತು ನನಗ ತಿಳಿಯೂದಿಲ್ಲ.
ತೊಲಿ ಬಾಗಿದ್ದು, ಉಕ್ಕು ದಣಿದದ್ದು,
ಕೊಳವಿಯೊಳಗ ನೀರು ಸುಳಿ ತಿರುಗಿದ್ದು
ಅವರವರ ಪಾಲು.
ನನ್ನ ಪಾಲಿಗೆ ಕೊನೀ ಎರಡು ಪುಟ:
ಪತ್ರಿಕೆಯ ಹೆಸರು ವಾಲಬೇಕು,
ಸಂಪುಟದ ಅಂಕಿ ದಪ್ಪಾಗಬೇಕು,
ಆರು ಮಂದಿಗಿಂತ ಹೆಚ್ಚಾದ್ರ
ಮೊದಲನೆಯವನ್ನ ಒಬ್ಬನ್ನ ಉಳಿಸಿ
ಉಳಿದವರನ್ನ 'ಮತ್ತಿತರರು' ಅಂತ
ಒಂದಽ ಚೀಲಕ್ಕ ತುಂಬಿ ಬಾಯಿ ಕಟ್ಟಬೇಕು.
ಮೊದಮೊದಲು ಕರುಳು ಚುರ್ ಅನ್ನೂದು.
ಈಗ ರೂಢಿ.

ಹರ್ಲಾಪುರ ಸರ್ ತಂದದ್ದು ಎರಿಮಣ್ಣಿನ ಪೇಪರು.
ಮಳಿಗಾಲಕ್ಕ ಉಬ್ಬಿ, ಬ್ಯಾಸಿಗ್ಯಾಗ
ಕೈ ಹೋಗುವಷ್ಟು ಬಾಯಿ ಬಿಡೂ ಮಣ್ಣು.
ಇದೊಂದು ನನಗೂ ತಿಳೀತು,
ನಮ್ಮ ಅಡಗಿಮನಿ ಗ್ವಾಡಿ ಸೀಳಿದ್ದು ಇದರಿಂದನಽ.

ನಲವತ್ತೆರಡು ರೆಫರೆನ್ಸು. ನಮ್ಮ ಕಡೆ ಅಡ್ಡಹೆಸರು ಅಂದ್ರ
ಪ್ಯಾಟಿ ತೆರದಂಗ:
ಮೆಣಸಿನಕಾಯಿ, ಎಸ್. ವಿ. ಬೆನ್ನಿಗೆ
ಉಳ್ಳಾಗಡ್ಡಿ, ಬಿ. ಎನ್.
ಅವರ ಆಚೆ ಜಪಾನಿನ ತನಾಕಾ, ಕೆ.,
ಸಂತ್ಯಾಗ ದಾರಿ ತಪ್ಪಿದವನಂಗ.
ನಡುವ ಇಪ್ಪತ್ತಮೂರನೇದು:
ಗೌಂಡಿ, ಡಿ., ಖುದ್ದು ಮಾತುಕತೆ, ಮೊರಬ.

'ಡಿ. ಅಂದ್ರ ಯಾರ್ರಿ?'
'ದಾವಲಸಾಬ. ಅಡ್ಡಹೆಸರು ಕೇಳಿದ್ದಕ್ಕ ನಕ್ಕ.
ಕೆಲಸಾನಽ ಹೆಸರು ಮಾಡಿ ಹಾಕೀನಿ.'

ಅಂವ ಹೇಳಿದ್ದು ಇಷ್ಟು:
ಬುನಾದಿ ತೋಡಿ ಮೂರು ಮಳಿ ಕುಡಸ್ರಿ,
ಅದರ ಸಿಟ್ಟು ಎಷ್ಟೈತಿ ನೋಡಿ ಕಲ್ಲಿಡ್ರಿ.
ಸರ್ ಅದನ್ನ ಮೂರು ವರ್ಷ ಲ್ಯಾಬಿನ್ಯಾಗ ಹಿಂಡಿ
ಹದಿನಾರು ನಕ್ಷೆ, ಒಂದು ಸಮೀಕರಣ ತೆಗದಿದ್ರು.

ಪತ್ರಿಕೆಯವರು ತಿರುಗಿ ಕಳಿಸಿದರು.
ಇಪ್ಪತ್ತಮೂರು ಯಾರು? ಪ್ರಕಾಶಕರು? ಪುಟ ಎಷ್ಟು?
ಪರಿಶೀಲನೆಗೆ ಸಿಗದ್ದನ್ನ ತೆಗೆಯಿರಿ.

ಅವತ್ತು ರಾತ್ರಿ ಕರೆಂಟ್ ಹೋಗಿ
ಯುಪಿಎಸ್ ಕೂಗೂದರೊಳಗ
ಮನಸಿನ್ಯಾಗಽ ತುಂಬಿದೆ ಕಾಲಂ:
ಪ್ರಕಾಶಕರು, ಮೊರಬದ ಹಳೇ ಕನ್ನಡ ಸಾಲಿ.
ವರ್ಷ, ಅಲ್ಲೀ ಮಾಸ್ತರನ್ನ ಕೇಳಬೇಕು.
ಪುಟ, ಮೂಡಲ ಗ್ವಾಡಿ,
ಕೆಳಗಿಂದ ಸೂರಿನ ತನಕ, ಬಿರುಕಿಲ್ಲ.

ಆಮ್ಯಾಲೆ ಅಳಿಸಿದೆ.
ಬೆಂಚಿನ ಮ್ಯಾಲಿಂದ ಒಬ್ಬಾಂವ ಎದ್ದರ
ಉಳಿದವರು ಸರದು ಕೂಡತಾರಲ್ಲ,
ಹಂಗ ಇಪ್ಪತ್ತನಾಲ್ಕು ಇಪ್ಪತ್ತಮೂರಾತು,
ಇಪ್ಪತ್ತೈದು ಇಪ್ಪತ್ತನಾಲ್ಕು.
ಒಬ್ಬಾಂವ ಕೂತಿದ್ದ ಅನ್ನೂ ಗುರುತೂ ಉಳೀಲಿಲ್ಲ.

ಮುಂಜಾನೆ ಪ್ರಿಂಟ್ ತೆಗೆಯೂ ಮುಂದ ಕಂಡಿತು:
ಆರನೇ ಪುಟದಾಗ ದಾವಲಸಾಬನ ಮಾತು,
ಮುಂದ ಚೌಕ ಕಂಸದಾಗ ಇಪ್ಪತ್ತಮೂರು.
ಈಗ ಇಪ್ಪತ್ತಮೂರಂದ್ರ ತನಾಕಾ.
ಪಾಪ, ಅವನ ಊರಾಗ ಎರಿ ಐತೋ ಇಲ್ಲೋ,
ಮೂರು ಮಳಿ ಕುಡಸೂ ಮಾತು
ಕೂತಲ್ಲೇ ಅವನ ಬಾಯಿಗೆ ಬಂದಿತ್ತು.

ಫೋನ್ ಮಾಡಿದೆ. 'ಮಾತು ತಗೀಲ್ರಿ ಸರ್?'
ಆ ಕಡೆ ಬಹಳ ಹೊತ್ತು ಚಿಗರಿ ಬಸ್ಸಿನ ಬಾಗಿಲಾ
ತೆರದು ಮುಚ್ಚೂ ಸಪ್ಪಳ.
'ಮಾತು ಇರಲಿ. ನಂಬರ್ ತಗೀರಿ.'
ತೆಗೆದೆ. ಆ ವಾಕ್ಯ ಬರಿಗಾಲಿಲೆ ನಿಂತಿತು
ಪೂರ್ಣವಿರಾಮಕ್ಕ ಆತುಕೊಂಡು.

ಸಂಜೀಕ ಬಂದರು.
ಬೆರಳಿಟ್ಟು ಪಟ್ಟಿ ಎಣಿಸಿದರು, ನಲವತ್ತೊಂದು.
ಬಿಲ್ ನಾನು ಬರೆದದ್ದು ನಲವತ್ತೆರಡಕ್ಕ.
ನನ್ನ ಮುಖಾ ನೋಡಲಿಲ್ಲ.
ಎಂಬತ್ತನಾಲ್ಕು ರೂಪಾಯಿ ಚಿಲ್ಲರ ಸಮೇತ ಮೇಜಿನ ಮ್ಯಾಲಿಟ್ಟು
ಮಿರ್ಚಿ ಕರಿಯೂ ಹೊಗಿಯೊಳಗ ಹಾದು ಹೋದರು.