ವಾರಕ್ಕೆ ಮೂರು ರಾತ್ರಿ

ಆಸ್ಪತ್ರೆಯ ಲಕೋಟೆಯನ್ನು ನನಗೆ ನಾನೇ ತಂದುಕೊಟ್ಟೆ.
ಬೆಳಗ್ಗೆ ಟಪಾಲು ವಿಂಗಡಿಸುವಾಗ, ವಿದ್ಯುತ್ ಬಿಲ್ಲಿಗೂ
ಯಾರದೋ ಮದುವೆಯ ಕರೆಯೋಲೆಗೂ ನಡುವೆ
ನನ್ನದೇ ಹೆಸರು: ಚಿಟ್ಸ್ಕೆ ಹೂಕ್‌ಸ್ಟ್ರಾ.
ಹತ್ತೊಂಬತ್ತು ಬೀದಿ ಸುತ್ತಿ, ಸಮುದ್ರದ ಒಡ್ಡಿನ ಗಾಳಿಗೆ ಎದೆಕೊಟ್ಟು,
ಕೊನೆಗೆ ನನ್ನ ಮನೆ ಬಾಗಿಲ ಸೀಳಿನಲ್ಲಿ ತೂರಿಸಿ
ಒಳಗೆ ಹೋಗಿ, ಚಾಪೆಯ ಮೇಲಿಂದ ಎತ್ತಿಕೊಂಡೆ.
ನಿಯಮ ಎಂದರೆ ನಿಯಮ.

ಎರಡು ವರ್ಷದ ತುರಿಕೆ.
ತಪ್ಪನ್ನು ಸೈಕಲ್ ಸೀಟಿನ ಮೇಲೆ ಹಾಕಿದೆ,
ಆಮೇಲೆ ಸೋಪಿನ ಮೇಲೆ, ನಿಂತ ಮುಟ್ಟಿನ ಮೇಲೆ,
ಹಾರ್ಲಿಂಗೆನ್ನಿನ ಉಪ್ಪುಗಾಳಿಯ ಮೇಲೆ.
ಔಷಧಿ ಅಂಗಡಿಯ ಹುಡುಗ ಏನೂ ಕೇಳದೆ ಫಂಗಸ್ಸಿನ ಟ್ಯೂಬು ಕೊಟ್ಟ,
ಕೇಳಿದ್ದರೆ ಏನು ಹೇಳುತ್ತಿದ್ದೆನೋ.
ಡಚ್ ಮಾತಿನಲ್ಲಿ ಆ ತುಟಿಗಳ ಹೆಸರೊಳಗೇ
ನಾಚಿಕೆ ಕೂತಿದೆ: ನಾಚಿಕೆದುಟಿ.
ಹೆಸರಿಟ್ಟವರು ಯಾರೋ, ಅವರಿಗೆ ಅಲ್ಲಿ ಕೆರೆದಿರಲಿಲ್ಲ.

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರ್ ವೆಸ್ಟರ್‌ಹೌಸ್.
ಅಲ್ಲ ಎಂಬುದರ ಬೆನ್ನಿಗೆ ಒಂದು ಇನ್ನೂ ಕೂತಿತ್ತು,
ಕ್ಯಾರಿಯರಿನ ಮೇಲೆ ಮಗು ಕೂತ ಹಾಗೆ.
ನರ್ಸ್ ಫರ್ದಾವ್ ಕೈಗನ್ನಡಿ ಹಿಡಿದಳು.
ಐವತ್ತೊಂಬತ್ತು ವರ್ಷ ನನ್ನ ಜೊತೆಗೇ ಸವಾರಿ ಮಾಡಿದ್ದು,
ಇಬ್ಬರು ಮಕ್ಕಳಿಗೆ ದಾರಿ ಬಿಟ್ಟದ್ದು,
ಮುಖಾಮುಖಿ ಆದದ್ದು ಇವತ್ತೇ.
ಎಡಕ್ಕೆ ಬಿಳಿ ಉಬ್ಬು, ಮೇಣ ತೊಟ್ಟಿಕ್ಕಿದಂತೆ.
ಬಲಕ್ಕೆ ಕಂದು ಚುಕ್ಕಿ, ಮೂರು.

ಬಿಳಿಯದನ್ನು ಕೊಯ್ದರು.
ಎಂಟು ಹೊಲಿಗೆ, ಕರಗುವ ದಾರ.
ಮೂರು ವಾರ ನಿಂತುಕೊಂಡೇ ಕಾಫಿ ಕುಡಿದೆ.
ಉಚ್ಚೆ ಹೊಯ್ಯುವಾಗ ಬಾಟಲಿಯಿಂದ ನೀರು ಸುರಿದುಕೊಳ್ಳುತ್ತ
ಅತ್ತದ್ದು ಉರಿಗಲ್ಲ,
ಎದುರು ಗೋಡೆಯ ಹುಟ್ಟುಹಬ್ಬದ ಕ್ಯಾಲೆಂಡರಿಗೆ.
ಸತ್ತವರ ಹೆಸರನ್ನೂ ನಮ್ಮ ಮನೆಯಲ್ಲಿ ಅದರಿಂದ ಹೊಡೆದುಹಾಕುವುದಿಲ್ಲ.

ಚುಕ್ಕಿಗಳಿಗೆ ಮುಲಾಮು. ಸೋಮ, ಬುಧ, ಶುಕ್ರ.
ಮಲಗುವ ಮುಂಚೆ ಪುಟ್ಟ ಪೊಟ್ಟಣ ಕತ್ತರಿಸಿ
ಬೆರಳ ತುದಿಯಲ್ಲಿ ಬಟಾಣಿಗಿಂತ ಕಡಿಮೆ,
ಬೆಳಗ್ಗೆ ತೊಳೆಯುವುದು. ಹದಿನಾರು ವಾರ.
ಅದು ತಾನಾಗಿ ಏನನ್ನೂ ಕೊಲ್ಲುವುದಿಲ್ಲವಂತೆ,
ನನ್ನದೇ ರಕ್ತವನ್ನು ಎಬ್ಬಿಸಿ ತೋರಿಸುತ್ತದಂತೆ:
ನೋಡು, ಇಲ್ಲಿ, ಕಳ್ಳ.
ಎದ್ದ ರಕ್ತ ಊರಿಗೆಲ್ಲ ಕೇಳುವಂತೆ ಕೂಗಿತು.
ಐದನೇ ವಾರ ಕೆಂಡ. ಜ್ವರ. ಒಳಉಡುಪು ಮುಳ್ಳುಬೇಲಿ.
ವೀಬ್ರೆನ್ ತುಟಿಪಿಟಕ್ಕೆನ್ನದೆ ಅಟ್ಟದ ಕೋಣೆಗೆ ದಿಂಬು ಸಾಗಿಸಿದ.
ಆದರೆ ಮಂಗಳ, ಗುರು, ಶನಿ ಬೆಳಗ್ಗೆ
ಬಾಗಿಲ ಹೊರಗೆ ಬೋಗುಣಿ ಇರುತ್ತಿತ್ತು,
ಹದ ನೋಡಿದ ನೀರು.
ಅದಕ್ಕೆ ಥ್ಯಾಂಕ್ಸ್ ಹೇಳಿಲ್ಲ. ಅಟ್ಟವನ್ನು ಕ್ಷಮಿಸಿಯೂ ಇಲ್ಲ.

"ಒಂದು ವಾರ ಬಿಡಿ, ಮತ್ತೆ ಹಚ್ಚಿ" ಎಂದಳು ಫರ್ದಾವ್ ಫೋನಿನಲ್ಲಿ.
ಹಚ್ಚಿದೆ.

ಈಗ ಎರಡು ಚುಕ್ಕಿ ಇಲ್ಲ, ಒಂದು ಮಸುಕು.
ಆರು ತಿಂಗಳಿಗೊಮ್ಮೆ ಕನ್ನಡಿ.
ಒಡ್ಡಿನ ಮೇಲೆ, ಕುರಿಗಳ ನಡುವೆ,
ಪೆಡಲಿನ ಮೇಲೆ ನಿಂತೇ ತುಳಿಯುತ್ತೇನೆ.

"ಸೀಟಿನ ಮೇಲೇಕೆ ಮುನಿಸು?" ಎಂದಳು ಯೆಲ್ಚೆ,
ಬಂದರಿನ ಕಡೆಯ ಬೀದಿಗಳ ಪೋಸ್ಟಿನವಳು.
ಹೇಳಿದೆ. ಎಲ್ಲ.
ತುಟಿಗೆ ನಾಚಿಕೆ ಸೇರಿಸದೆ ಹೇಳಿದೆ.
ಅವಳು ನಗಲಿಲ್ಲ. ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು.
ಚೀಲದ ಬಕಲ್ ಬಿಗಿ ಮಾಡಿದಳು, ಬಿಗಿಯಾಗಿಯೇ ಇದ್ದದ್ದನ್ನು.
"ನನಗೂ," ಎಂದಳು, "ಹೋದ ಈಸ್ಟರ್‌ನಿಂದ."

ವಿಳಾಸ ಬದಲಾವಣೆಯ ಚೀಟಿಯ ಹಿಂಬದಿಗೆ
ಫರ್ದಾವ್‌ಳ ನಂಬರು ಬರೆಯಹೋದರೆ
ಪೆನ್ನಿನ ಶಾಯಿ ಚಳಿಗೆ ಕಟ್ಟಿಕೊಂಡಿತ್ತು.
ಬಾಯಲ್ಲಿಟ್ಟು ಬೆಚ್ಚಗೆ ಮಾಡಿದೆ.