ಬೇಲಿಯಿಲ್ಲದ ಗೇಟು

ಕ್ರೈಸ್ಟ್‌ಚರ್ಚಿನ ಬಸ್ಸು ಟೈರ್ ಅಂಗಡಿ ದಾಟಿ
ನಮ್ಮನ್ನು ಇಳಿಸುವಲ್ಲಿ
ಈಗ ಜೊಂಡು, ಕೆಸರು, ಒಂದಿಷ್ಟು ಆಕಾಶ.

ಮರ್ಲ್ ಹಾಸ್ಕೆಟ್‌ಗೆ ಎಂಬತ್ತೊಂದು.
ಶನಿವಾರ ಗಿಡ ನೆಡಲು ಬರುವಾಗ
ಅಪ್ಪನ ಸನಿಕೆಯನ್ನೇ ತರುತ್ತಾಳೆ.
ಅದರಲ್ಲೇ ಅವನು ಇಪ್ಪತ್ತು ಚಳಿಗಾಲ
ಕಾಲುವೆ ತೋಡಿ ತೋಡಿ
ಜೌಗಿನ ನೀರನ್ನೆಲ್ಲ ಹೊರಗಟ್ಟಿದ್ದು.
ಎಪ್ಪತ್ತು ಹಸು. ಬೆಳಗಿನ ನಾಲ್ಕಕ್ಕೆ ಹಾಲು.

ಅದೇ ಕಾಲುವೆ ಮುಚ್ಚಲು ಆ ಮಾರ್ಚಿನಲ್ಲಿ
ಮೊದಲ ಸನಿಕೆ ಮಣ್ಣು ಹಾಕಿದವಳು ಅವಳೇ.
"ಅಪ್ಪ ಇದ್ದಿದ್ದರೆ?" ಕೇಳಿದೆ.
"ಬಯ್ಯುತ್ತಿದ್ದ," ಅಂದಳು,
"ಸನಿಕೆ ಹಿಡಿಯೋದು ಹೀಗಲ್ಲ ಅಂತ."

ನೀರು ಅವಸರ ಮಾಡಲಿಲ್ಲ.
ಮಧ್ಯಾಹ್ನಕ್ಕೆ ಗೊರಸಿನ ಗುಳಿಯಷ್ಟು,
ಚಹಾ ಮುಗಿಯುವಾಗ ತಟ್ಟೆಯಷ್ಟು.
ಮೇ ತಿಂಗಳಿಗೆ, ಹಾಲು ಕರೆಯುತ್ತಿದ್ದ
ಸಿಮೆಂಟು ನೆಲದ ಬಿರುಕಿನ ಮೇಲೆ
ಪೂಕೆಕೊ ಎರಡು: ನೀಲಿ ಮೈ, ಕೆಂಪು ಕೊಕ್ಕು,
ಬಾಡಿಗೆ ವಸೂಲಿಗೆ ಬಂದ ಮಾಲೀಕರ ಗತ್ತು.
ಕೌನ್ಸಿಲ್ಲಿನ ರಾವಿರಿ ಎಣಿಸಿ ಬರೆದುಕೊಂಡ.
"ಬಂದವಲ್ಲ!" ಅಂದೆ.
"ವಾಪಸು ಬಂದವು,"
ತಲೆಯೆತ್ತದೆ ತಿದ್ದಿದ.

ಜೊಂಡಿನ ನಡುವೆ ಒಂದು ಗೇಟು ಉಳಿದಿದೆ.
ಅತ್ತ ಬೇಲಿಯಿಲ್ಲ, ಇತ್ತ ಬೇಲಿಯಿಲ್ಲ.
ಮಕ್ಕಳು, ನಾಯಿ ಹಿಡಿದವರು, ಓಡುವವರು
ಎಲ್ಲರೂ ಪಕ್ಕದಿಂದಲೇ ಹೋಗುತ್ತಾರೆ.
ಮರ್ಲ್ ಮಾತ್ರ ತೆರೆಯುತ್ತಾಳೆ,
ನನ್ನನ್ನೂ ದಾಟಿಸಿಕೊಂಡು
ಹಿಂತಿರುಗಿ ಚಿಲಕ ಹಾಕುತ್ತಾಳೆ,
ಬಿತ್ತೋ ಇಲ್ಲವೋ ಅಂತ
ಒಮ್ಮೆ ಜಗ್ಗಿ ನೋಡುತ್ತಾಳೆ.

ಹಸು ಹೊರಬಿದ್ದಾವು.